ಕಿವಿಗೆ ಹಿಡಿದ ಕಾಯಿ



ರೇಡಿಯೋದಲ್ಲಿ ಫೋಟೋ ಬಗ್ಗೆ ಮಾತಾಡುತ್ತೇನೆ ಅಂದಾಗ ಮನೆಯಲ್ಲಿ ನಕ್ಕರು. ಹೋಳಿಗೆಯ ಸುದ್ದಿ ಹೇಳಿ ಹೊಟ್ಟೆ ತುಂಬಿಸೋಕೆ ಹೊರಟಿದ್ದೀರಿ ಅಂದರು. ನಗಲಿ. ತೋರಿಸೋಣವೆಂದರೆ ನನ್ನ ಕೈಯಲ್ಲಿ ಒಂದು ಚಿತ್ರವೂ ಇಲ್ಲ. ಆದರೂ ಈ ಹೊತ್ತು ನಿಮಗೆ ಒಂದು ಚಿತ್ರವನ್ನು ಕಾಣಿಸಿಯೇ ಎದ್ದು ಹೋಗುತ್ತೇನೆ. ಅದಕ್ಕೆ ನಿಮ್ಮ ಕಿವಿ ಸಾಕು.

ಹೋದ ವರ್ಷ ಒಬ್ಬ ವಿದ್ಯಾರ್ಥಿನಿ ನನ್ನ ಮನೆಗೆ ಬಂದಳು. ತಿಪಟೂರಿನ ಕಡೆಯ ಹುಡುಗಿ. ಅವಳ ತಂದೆಯದು ಒಂದು ಪುಟ್ಟ ಸ್ಟುಡಿಯೋ. ಪಾಸ್‌ಪೋರ್ಟ್ ಫೋಟೋ, ಮದುವೆ, ನಾಮಕರಣ, ಇಷ್ಟರಲ್ಲೇ ಸಂಸಾರ ನಡೆದಿದೆ. ಮಗಳು ಮೈಸೂರಿನಲ್ಲಿ ಫೋಟೋಗ್ರಫಿ ಓದುತ್ತಿದ್ದಳು. ಅದು ಕೊನೆಯ ವರ್ಷ. ಇನ್ನು ಮೂರು ವಾರಕ್ಕೆ ಬೆಂಗಳೂರಿನಲ್ಲಿ ಕೆಲಸಕ್ಕೆ ಒಂದು ಸಂದರ್ಶನ. ಬರುವಾಗ ನಿಮ್ಮ 20 ಚಿತ್ರ ತನ್ನಿ ಎಂದು ಅಲ್ಲಿಯವರು ಹೇಳಿ ಕಳಿಸಿದ್ದರು.

ಈ ಕಟ್ಟಿಗೆ ಪೋರ್ಟ್‌ಫೋಲಿಯೋ ಎನ್ನುತ್ತಾರೆ. ಹೆಣ್ಣು ನೋಡಲು ಬಂದವರ ಮುಂದೆ ಹಾಡು ಹೇಳಿಸುತ್ತಿದ್ದರಲ್ಲ, ಹೆಚ್ಚುಕಡಿಮೆ ಹಾಗೇ. ಎಷ್ಟು ವರ್ಷ ಕಲಿತಿರಿ ಎಂದು ಯಾರೂ ಕೇಳುವುದಿಲ್ಲ. ಎಲ್ಲಿ, ಏನು ಮಾಡಿದ್ದೀರಿ ತೋರಿಸಿ ಎನ್ನುತ್ತಾರೆ. ಐದು ನಿಮಿಷ ನೋಡುತ್ತಾರೆ. ಅಷ್ಟರಲ್ಲಿ ತೀರ್ಮಾನ.

ಅವಳ ಹಾರ್ಡ್ ಡಿಸ್ಕಿನಲ್ಲಿ ಸುಮಾರು 2,000 ಚಿತ್ರಗಳಿದ್ದವು.

"ಇದರಲ್ಲಿ 20 ಹೇಗೆ ಸರ್ ಆರಿಸೋದು? ಎಲ್ಲಾ ಚೆನ್ನಾಗೇ ಬಂದಿದಾವೆ" ಎಂದಳು.

"ಆರಿಸೋದು ಆಮೇಲೆ ಕಣಮ್ಮ. ಮೊದಲು ಬಿಡೋದು ಕಲಿಯೋಣ" ಎಂದೆ.

ಈ ಹೊತ್ತಿನ ನನ್ನ ಮಾತೆಲ್ಲ ಆ ಒಂದು ಪದದ ಸುತ್ತಲೇ. ಬಿಡುವುದು. ಕ್ಯಾಮರಾ ಹಿಡಿದು ಬದುಕು ಕಟ್ಟಿಕೊಳ್ಳಬೇಕೆನ್ನುವ ಹುಡುಗ ಹುಡುಗಿಯರು ಏನನ್ನು ಬಿಡಬೇಕು, ಏನನ್ನು ಬಿಡಬಾರದು. ಇಷ್ಟೇ ವಿಷಯ.

ಮೊದಲನೆಯದು, ಚಿತ್ರಗಳನ್ನೇ ಬಿಡುವುದು.

ನಾನು ಫಿಲ್ಮ್ ಕಾಲದವನು. ಒಂದು ರೋಲಿಗೆ 36 ಚಿತ್ರ. 36 ಮುಗಿದರೆ ಮುಗಿಯಿತು. ಹೊಸ ರೋಲು ತರಲು ಜೇಬು ಮುಟ್ಟಿ ನೋಡಿಕೊಳ್ಳಬೇಕು. ಹಾಗಾಗಿ ಬಿಡುವ ಕೆಲಸ ಗುಂಡಿ ಒತ್ತುವ ಮೊದಲೇ ನಡೆಯುತ್ತಿತ್ತು. ಇದು ಬೇಡ, ಇದೂ ಬೇಡ, ಇರಲಿ, ಈಗ ಒತ್ತು. ಈಗಿನ ಮಕ್ಕಳಿಗೆ ಆ ಕಟ್ಟಿಲ್ಲ. ಒಂದು ಬೆಳಗಿನಲ್ಲಿ 600 ಚಿತ್ರ ತೆಗೆಯುತ್ತಾರೆ. ನಾನು ಅದನ್ನು ತಪ್ಪೆನ್ನುವುದಿಲ್ಲ. ಆದರೆ ಮುಂಚೆ ಮಾಡದ ಕೆಲಸವನ್ನು ಆಮೇಲಾದರೂ ಮಾಡಬೇಕು.

ಆಗೆಲ್ಲ ಕಾಂಟ್ಯಾಕ್ಟ್ ಶೀಟ್ ಎಂದು ಒಂದಿತ್ತು. ತೊಳೆದು ಒಣಗಿಸಿದ ಫಿಲ್ಮಿನ ತುಂಡುಗಳನ್ನು ಫೋಟೋ ಕಾಗದದ ಮೇಲೆ ನೇರವಾಗಿ ಇಟ್ಟು ಪ್ರಿಂಟ್ ಹಾಕುವುದು. ಒಂದೇ ಹಾಳೆಯಲ್ಲಿ 36 ಚಿತ್ರ. ಒಂದೊಂದೂ ಅಂಚೆಚೀಟಿಯಷ್ಟು. ಭೂತಗನ್ನಡಿ ಹಿಡಿದು ನೋಡಬೇಕು. ಬೇಕಾದ ಒಂದಕ್ಕೋ ಎರಡಕ್ಕೋ ಕೆಂಪು ಪೆನ್ಸಿಲಿನಲ್ಲಿ ಸುತ್ತು ಹಾಕಬೇಕು. ನನ್ನ ಗುರುಗಳು ಹಾಳೆಯನ್ನು ನೋಡುತ್ತಿರಲಿಲ್ಲ. ಸುತ್ತುಗಳನ್ನು ನೋಡುತ್ತಿದ್ದರು. ಮೂರು ಸುತ್ತು ಕಂಡರೆ, ಏನಯ್ಯ, ಇವತ್ತು ಧಾರಾಳವಾಗಿದ್ದೀಯ ಎನ್ನುತ್ತಿದ್ದರು.

ಇದು ಬಡತನದ ಪಾಠ ಎಂದುಕೊಳ್ಳಬೇಡಿ. ರಾಬರ್ಟ್ ಫ್ರ್ಯಾಂಕ್ ಎಂಬ ಛಾಯಾಗ್ರಾಹಕರ ಕತೆ ಕೇಳಿ. ಹುಟ್ಟಿದ್ದು ಸ್ವಿಟ್ಜರ್ಲೆಂಡಿನಲ್ಲಿ, ನೆಲೆಸಿದ್ದು ಅಮೆರಿಕದಲ್ಲಿ. 1955 ಮತ್ತು 56ರಲ್ಲಿ ಹಳೆಯ ಕಾರೊಂದರಲ್ಲಿ ಆ ದೇಶವನ್ನೆಲ್ಲ ಸುತ್ತಿದರು. 750ಕ್ಕೂ ಹೆಚ್ಚು ರೋಲು ಖರ್ಚಾಯಿತು. ಅಂದರೆ ಸುಮಾರು 28,000 ಚಿತ್ರ. ಅದರಲ್ಲಿ ಸುಮಾರು 1,000 ಚಿತ್ರಗಳನ್ನು ಮಾತ್ರ ಪ್ರಿಂಟ್ ಹಾಕಿದರು. ಗೋಡೆಗೆ ಅಂಟಿಸಿದರು, ನೆಲದ ಮೇಲೆ ಹರಡಿದರು. ನೋಡುತ್ತ ನೋಡುತ್ತ ಒಂದೊಂದನ್ನೇ ತೆಗೆದುಹಾಕಿದರು. 'ದಿ ಅಮೆರಿಕನ್ಸ್' ಎಂಬ ಪುಸ್ತಕ 1958ರಲ್ಲಿ ಫ್ರಾನ್ಸಿನಲ್ಲಿ ಅಚ್ಚಾಯಿತು, ಮರುವರ್ಷ ಅಮೆರಿಕದಲ್ಲಿ. ಅದರೊಳಗೆ ಉಳಿದದ್ದು 83 ಚಿತ್ರ. ಲೆಕ್ಕ ಹಾಕಿ ನೋಡಿ. 300ಕ್ಕೂ ಹೆಚ್ಚು ಬಿಟ್ಟರೆ ಒಂದು ಉಳಿಯಿತು. ಆ ಪುಸ್ತಕವನ್ನು ಇವತ್ತಿಗೂ ಪ್ರಪಂಚದ ಎಷ್ಟೋ ತರಗತಿಗಳಲ್ಲಿ ಮುಂದಿಟ್ಟುಕೊಂಡು ಪಾಠ ಮಾಡುತ್ತಾರೆ.

ನಮ್ಮ ಹುಡುಗಿಗೂ ಇದನ್ನೇ ಹೇಳಿದೆ. ಅವಳು ಎರಡು ದಿನ ಕೂತಳು. 2,000 ಹೋಗಿ 150 ಆಯಿತು. ಅಲ್ಲಿಗೆ ನಿಂತಿತು. ಅಲ್ಲಿಂದ ಒಂದನ್ನೂ ತೆಗೆಯಲಾರೆ ಎಂದಳು.

ಕೇಳುಗರೆ, ಇಲ್ಲಿಯವರೆಗೆ ಹೇಳಿದ್ದು ಇಷ್ಟು. ತೆಗೆದ ಚಿತ್ರವನ್ನೆಲ್ಲ ಇಟ್ಟುಕೊಳ್ಳುವುದು ಸುಲಭ, ಬಿಡುವುದು ಕಷ್ಟ. ಆ ಕಷ್ಟವೇ ಕಲಿಕೆಯ ಮೊದಲ ಮೆಟ್ಟಿಲು. ಈಗ ಎರಡನೆಯದಕ್ಕೆ ಬರುತ್ತೇನೆ. ಮಂದಿ ಮೆಚ್ಚಲಿ ಎಂದು ಎತ್ತಿಕೊಂಡ ವಿಷಯಗಳನ್ನು ಬಿಡುವುದು.

ಆ 150 ಚಿತ್ರಗಳಲ್ಲಿ ಏನಿತ್ತು? ಸೂರ್ಯಾಸ್ತ ಇತ್ತು. ಬೇಲೂರಿನ ಶಿಲಾಬಾಲಿಕೆಯರು ಇದ್ದರು. ಜೋಗ ಇತ್ತು. ಕಬಿನಿಯ ಆನೆ ಇತ್ತು. ಕೊಡೆ ಹಿಡಿದ ಗೆಳತಿ ಇದ್ದಳು. ಒಂದಕ್ಕೂ ಕೊರತೆ ಹೇಳುವಂತಿರಲಿಲ್ಲ. ಆದರೆ ಕೆಳಗಿನ ಹೆಸರು ಅಳಿಸಿದರೆ ಯಾರು ಬೇಕಾದರೂ ತೆಗೆದಿರಬಹುದು.

ನಾನು ಅವಳ ಲ್ಯಾಪ್‌ಟಾಪ್ ಮುಚ್ಚಿದೆ. "ಈಗ ನೋಡದೆ ಹೇಳು. ಎರಡು ಸಾವಿರದಲ್ಲಿ ಯಾವುದು ನೆನಪಿದೆ? ಬಾಯಲ್ಲಿ ಹೇಳು" ಎಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆನೆ ಎಂದಳು. ಆನೆ ಏನು ಮಾಡುತ್ತಿತ್ತು ಎಂದೆ. ನಿಂತಿತ್ತು ಎಂದಳು. ಆಮೇಲೆ ಅವಳಾಗಿಯೇ ಒಂದು ಚಿತ್ರ ಹೇಳತೊಡಗಿದಳು. ನೀವೂ ಕಣ್ಣು ಮುಚ್ಚಿ ಕೇಳಿ. ನಾನು ಕಾಣಿಸುತ್ತೇನೆ ಎಂದದ್ದು ಇದನ್ನೇ.

ಒಂದು ಹಳೆಯ ಹೆಂಚಿನ ಮನೆ. ಒಳಗೆ ಅಟ್ಟ. ಅಟ್ಟದ ತುಂಬ ತೆಂಗಿನಕಾಯಿ. ಕತ್ತಲು. ಮಾಡಿನಲ್ಲಿ ಒಂದೇ ಒಂದು ಗಾಜಿನ ಹೆಂಚು. ಅದರಿಂದ ಒಂದು ಕೋಲು ಬಿಸಿಲು ಒಳಗೆ ಇಳಿದಿದೆ. ಆ ಬಿಸಿಲಿನಲ್ಲಿ ದೂಳು ತೇಲುತ್ತಿದೆ. ಕೆಳಗೆ ಒಬ್ಬ ಅಜ್ಜಿ ಕೂತಿದ್ದಾರೆ. ಎರಡೂ ಕಣ್ಣು ಮುಚ್ಚಿದ್ದಾರೆ. ಬಲಗೈಯಲ್ಲಿ ಒಂದು ಕಾಯಿ. ಅದನ್ನು ಕಿವಿಗೆ ಹಿಡಿದು ಅಲ್ಲಾಡಿಸುತ್ತಿದ್ದಾರೆ. ಎಡಗೈ ಗಾಳಿಯಲ್ಲಿ ನಿಂತಿದೆ, ಸುಮ್ಮನಿರಿ, ಕೇಳಬೇಕು, ಎನ್ನುವ ಹಾಗೆ.

ತಿಪಟೂರಿನ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಉಂಡೆ ಕೊಬ್ಬರಿಗೆ ಅದು ಹೆಸರಾದ ಊರು. ಬಲಿತ ಕಾಯಿಯನ್ನು ಸುಲಿಯದೆ ಅಟ್ಟಕ್ಕೆ ಹಾಕುತ್ತಾರೆ. ತಿಂಗಳುಗಟ್ಟಲೆ, ಹೆಚ್ಚುಕಡಿಮೆ ಒಂದು ವರ್ಷ, ಅದು ಅಲ್ಲೇ ಇರಬೇಕು. ಒಳಗಿನ ನೀರು ಇಂಗುತ್ತದೆ. ತಿರುಳು ಒಣಗಿ, ಚಿಪ್ಪು ಬಿಟ್ಟು, ಉಂಡೆಯಾಗಿ ನಿಲ್ಲುತ್ತದೆ. ಆಗ ಅಲ್ಲಾಡಿಸಿದರೆ ಲೊಟಲೊಟ ಎನ್ನುತ್ತದೆ. ಕಾಯಿ ಕೊಬ್ಬರಿಯಾಯಿತೋ ಇಲ್ಲವೋ ಎಂದು ಹೇಳುವುದು ಕಣ್ಣಲ್ಲ, ಕಿವಿ.

"ಈ ಚಿತ್ರ ನೂರೈವತ್ತರಲ್ಲಿ ಯಾಕಿಲ್ಲ?" ಎಂದೆ.

"ಅದು ನಮ್ಮೂರಿಂದು ಸರ್. ಅದರಲ್ಲೇನಿದೆ? ದಿನಾ ನೋಡೋದೇ" ಎಂದಳು.

ದಿನಾ ನೋಡುವುದರಲ್ಲಿ ಏನಿದೆ ಎಂದು ಕೇಳುವವರಿಗೆ ನಾನು ಕೃಪಾಕರ–ಸೇನಾನಿಯವರನ್ನು ತೋರಿಸುತ್ತೇನೆ. ಮೈಸೂರಿನ ಜೋಡಿ. ಸ್ಥಿರಚಿತ್ರಗಳಿಂದ ಶುರು ಮಾಡಿದವರು. ಕಾಡಿಗೆ ಹೋದವರೆಲ್ಲ ಹುಲಿ, ಆನೆ ಎಂದು ಓಡಾಡುವಾಗ ಇವರು ಹಿಂದೆ ಬಿದ್ದದ್ದು ಕೆನ್ನಾಯಿಯನ್ನು. ಬ್ರಿಟಿಷರ ಕಾಲದಲ್ಲಿ ಪೀಡೆಯೆಂದು ಕೊಂದು ಬಹುಮಾನ ಪಡೆಯುತ್ತಿದ್ದ ಪ್ರಾಣಿ ಅದು. ಒಂದನ್ನೊಂದು ಸಿಳ್ಳೆ ಹಾಕಿ ಕರೆಯುವ ಪ್ರಾಣಿ. ತಮ್ಮ ಮಗ್ಗುಲಿನ ಕಾಡಿನಲ್ಲೇ, ವರ್ಷಗಟ್ಟಲೆ, ಅದರ ಜಾಡಿನಲ್ಲೇ ಇದ್ದರು. ಅವರ 'ದಿ ಪ್ಯಾಕ್' ಸಾಕ್ಷ್ಯಚಿತ್ರಕ್ಕೆ 2010ರಲ್ಲಿ, ಗ್ರೀನ್ ಆಸ್ಕರ್ ಎಂದು ಕರೆಯುವ ಪ್ರಶಸ್ತಿ ಬಂತು. ಹುಲಿಯನ್ನು ಬಿಟ್ಟವರಿಗೆ ಕೆನ್ನಾಯಿ ಸಿಕ್ಕಿತು.

ಅವತ್ತು ಹುಡುಗಿ ಆನೆಯನ್ನು ಬಿಟ್ಟಳು. ತಿಪಟೂರಿಗೆ ಹೊರಟಳು. ಅಟ್ಟ, ಸುಲಿಯುವ ಅಂಗಳ, ಚಿಪ್ಪು ಒಡೆಯುವ ಹೆಂಗಸರು, ಮಾರುಕಟ್ಟೆಯ ಚೀಲಗಳು. ಹತ್ತು ದಿನ ಅಲ್ಲೇ ಇದ್ದು ಕೆಲಸ ಮಾಡಿದಳು. 20 ಚಿತ್ರಗಳಲ್ಲಿ 14 ಅಲ್ಲಿಂದ ಬಂದವು. ಉಳಿದ ಆರನ್ನು ತಂದೆಯ ಸ್ಟುಡಿಯೋದಲ್ಲಿ ತೆಗೆದಳು. ಪಾಸ್‌ಪೋರ್ಟ್ ಫೋಟೋಗೆ ಕೂರುವ ಮೊದಲು ಜನ ಕನ್ನಡಿಯ ಮುಂದೆ ನಿಂತು ತಲೆ ಬಾಚಿಕೊಳ್ಳುವ ಕ್ಷಣಗಳು.

ಈವರೆಗೆ ಎರಡು ಮಾತು ಆಯಿತು. ಹೆಚ್ಚಾದ ಚಿತ್ರಗಳನ್ನು ಬಿಡುವುದು ಒಂದು. ಎರವಲು ವಿಷಯಗಳನ್ನು ಬಿಟ್ಟು ತನಗೆ ಗೊತ್ತಿರುವಲ್ಲಿಗೆ ಮರಳುವುದು ಎರಡು. ಈಗ ಮೂರನೆಯದು. ಅವಸರವನ್ನು ಬಿಡುವುದು.

ಗಾಜಿನ ಹೆಂಚಿನಿಂದ ಇಳಿದ ಆ ಬಿಸಿಲಕೋಲು ನನಗೆ ಒಬ್ಬರನ್ನು ನೆನಪಿಸಿತು. ವಿ.ಕೆ. ಮೂರ್ತಿ. ಮೈಸೂರಿನಲ್ಲಿ 1923ರಲ್ಲಿ ಹುಟ್ಟಿದವರು. ಅವರೂ ಒಂದು ಕಾಲಕ್ಕೆ ವಿದ್ಯಾರ್ಥಿಯೇ. ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಸಿನಿಮಾ ಛಾಯಾಗ್ರಹಣ ಕಲಿತರು. 1946ರಲ್ಲಿ ಡಿಪ್ಲೊಮಾ ಕೈಗೆ ಬಂತು. ಮುಂಬಯಿಗೆ ಹೋದರು.

ಹೋದ ಕೂಡಲೇ ಯಾರೂ ಕ್ಯಾಮರಾ ಕೊಡಲಿಲ್ಲ. ಐದು ವರ್ಷದ ಹತ್ತಿರ ಸಹಾಯಕರಾಗಿ ದುಡಿದರು. 1951ರಲ್ಲಿ 'ಬಾಜಿ' ಎಂಬ ಸಿನಿಮಾ. ಗುರುದತ್ ನಿರ್ದೇಶಿಸಿದ ಮೊದಲ ಚಿತ್ರ. ಅದರಲ್ಲೂ ಮೂರ್ತಿ ಸಹಾಯಕರೇ. ಒಂದು ದೃಶ್ಯವನ್ನು ಹೀಗೆ ತೆಗೆಯಬಹುದು ಎಂದು ಅವರು ಸೂಚಿಸಿದರು. ಕಷ್ಟದ ಶಾಟ್. ಅವರ ಕೈಗೇ ಕ್ಯಾಮರಾ ಬಂತು. ತೆಗೆದು ತೋರಿಸಿದರು. ಮುಂದಿನ ಚಿತ್ರ 'ಜಾಲ್'. ಅದಕ್ಕೆ ಗುರುದತ್ ಅವರ ಛಾಯಾಗ್ರಾಹಕ ವಿ.ಕೆ. ಮೂರ್ತಿ.

ಆ ಒಂದು ಶಾಟ್ ಅದೃಷ್ಟ ಎನ್ನುವವರಿದ್ದಾರೆ. ಇರಬಹುದು. ಆದರೆ ಅದೃಷ್ಟ ಬಾಗಿಲು ತಟ್ಟಿದ ದಿನ ಕೈಗೆ ಕೆಲಸ ಗೊತ್ತಿತ್ತು. ಆ ಐದು ವರ್ಷಗಳನ್ನು ಅವರು ಅಟ್ಟದ ಮೇಲೆ ಕಳೆದಿದ್ದರು.

1959ರ 'ಕಾಗಜ್ ಕೆ ಫೂಲ್' ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಅದರ ಒಂದು ಹಾಡಿನಲ್ಲಿ ಕತ್ತಲೆ ತುಂಬಿದ ಸ್ಟುಡಿಯೋದೊಳಗೆ ಮೇಲಿನಿಂದ ಒಂದು ಬೆಳಕಿನ ಕಂಬ ಇಳಿಯುತ್ತದೆ. ನೋಡಿದವರು ಮರೆಯುವುದಿಲ್ಲ. ಅದು ದೊಡ್ಡ ದೀಪದ ಬೆಳಕಲ್ಲ. ಹೊರಗಿನ ಬಿಸಿಲನ್ನು ಕನ್ನಡಿಗೆ ಹಿಡಿದು ಒಳಕ್ಕೆ ತಿರುಗಿಸಿದ್ದರು. 2008ರ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ವಿ.ಕೆ. ಮೂರ್ತಿಯವರಿಗೆ ಬಂತು. ಛಾಯಾಗ್ರಾಹಕರೊಬ್ಬರಿಗೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು.

ಈ ಕತೆಯನ್ನು ನಾನು ಪ್ರಶಸ್ತಿಗಾಗಿ ಹೇಳುತ್ತಿಲ್ಲ. ಆ ಐದು ವರ್ಷಕ್ಕಾಗಿ ಹೇಳುತ್ತಿದ್ದೇನೆ. ಓದು ಮುಗಿದ ಮರುದಿನವೇ ಸ್ವಂತ ಸ್ಟುಡಿಯೋ, ಸಾಲದ ಮೇಲೆ ದುಬಾರಿ ಲೆನ್ಸ್, ಇದು ಈಗಿನ ಅವಸರ. ಕೆಲವರಿಗೆ ಅದೂ ಕೂಡಿಬರುತ್ತದೆ. ಬಹಳ ಮಂದಿಗೆ ಲೆನ್ಸಿನ ಕಂತು ಕಟ್ಟಲು ಇಷ್ಟವಿಲ್ಲದ ಕೆಲಸ ಮಾಡಬೇಕಾಗುತ್ತದೆ. ಅನುಭವಿಯೊಬ್ಬರ ಜೊತೆ ಎರಡು ವರ್ಷ ದೀಪ ಹೊರುವುದು ಅವಮಾನವಲ್ಲ. ಮದುವೆ ಫೋಟೋ ತೆಗೆಯುವುದೂ ಅವಮಾನವಲ್ಲ. ಬರಿಗಣ್ಣಲ್ಲಿ ಬೆಳಕು ಅಳೆಯುವುದು, ಸಿಡುಕುವ ಜನರನ್ನು ನಗಿಸುವುದು, ಕೈಕೊಟ್ಟ ಫ್ಲ್ಯಾಷಿಗೆ ಬದಲಿ ಹುಡುಕುವುದು, ಇವನ್ನು ಯಾವ ಕಾಲೇಜಿನ ಪಠ್ಯವೂ ಕಲಿಸಲಾರದು. ಮದುವೆಮನೆ ಒಂದೇ ಮುಹೂರ್ತದಲ್ಲಿ ಕಲಿಸುತ್ತದೆ. ತಾಳಿ ಕಟ್ಟುವುದನ್ನು ಇನ್ನೊಮ್ಮೆ ಕಟ್ಟಿ ಎನ್ನಲು ಬರುವುದಿಲ್ಲವಲ್ಲ.

ಮೂರು ಮಾತು ಮುಗಿಯಿತು. ಹೆಚ್ಚಾದ ಚಿತ್ರ ಬಿಡಿ. ಎರವಲು ವಿಷಯ ಬಿಡಿ. ಅವಸರ ಬಿಡಿ. ಇನ್ನು ಕೊನೆಯ ಮಾತು, ಬಿಡಬಾರದ್ದು ಯಾವುದು. ಒಂದೇ ಪದದಲ್ಲಿ ಹೇಳುವುದಾದರೆ, ಹೆಸರು. ತೆಗೆದವರ ಹೆಸರು, ತೆಗೆಸಿಕೊಂಡವರ ಹೆಸರು.

ಮೊದಲು ತೆಗೆದವರದು. ಹೋಮೈ ವ್ಯಾರವಾಲಾ ಭಾರತದ ಮೊದಲ ಪತ್ರಿಕಾ ಛಾಯಾಗ್ರಾಹಕಿ. 1913ರಲ್ಲಿ ಗುಜರಾತಿನ ನವಸಾರಿಯಲ್ಲಿ ಹುಟ್ಟಿ, ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತವರು. ಅವರು ತೆಗೆದ ಮೊದಮೊದಲ ಚಿತ್ರಗಳು ಅಚ್ಚಾದದ್ದು ಗಂಡನ ಹೆಸರಿನಲ್ಲಿ. ಹೆಂಗಸು, ಅದೂ ಹೊಸಬಳು, ಯಾರಿಗೂ ಗೊತ್ತಿಲ್ಲ ಎಂಬುದು ಕಾರಣ. ಅದೇ ಹೋಮೈ ಅವರಿಗೆ 2011ರಲ್ಲಿ ಪದ್ಮವಿಭೂಷಣ ಬಂತು. ಹೆಸರು ಕಳೆದುಕೊಳ್ಳುವುದು ನನಗೂ ಒಂದು ಸಲ ಆಗಿದೆ. ಮಳೆಯಲ್ಲಿ ನೆನೆದು ತೆಗೆದ ಚಿತ್ರ ಅರ್ಧ ಪುಟದಲ್ಲಿ ಬಂತು, ಹೆಸರಿಲ್ಲದೆ. ಯಾರನ್ನೂ ದೂರಲಾರೆ. ಕೇಳದೆ ಇದ್ದದ್ದು ನನ್ನ ತಪ್ಪು.

ಕೇಳುವುದು ಎಂದರೆ ಕಾಗದದ ಮೇಲೆ ಕೇಳುವುದು. ನಮ್ಮ ಕೃತಿಸ್ವಾಮ್ಯ ಕಾಯ್ದೆ 1957ರದು. ನೀವು ನಿಮ್ಮ ಪಾಡಿಗೆ ತೆಗೆದ ಚಿತ್ರ ನಿಮ್ಮದು. ಈಗಿನ ನಿಯಮದಂತೆ ನಿಮ್ಮ ಜೀವಮಾನ, ಆಮೇಲೆ 60 ವರ್ಷ, ಅದರ ಹಕ್ಕು ಉಳಿಯುತ್ತದೆ. ಆದರೆ ಒಂದು ತೊಡಕಿದೆ, ಗಮನವಿಟ್ಟು ಕೇಳಿ. ಯಾರೋ ಹಣ ಕೊಟ್ಟು, ತಮಗಾಗಿ ತೆಗೆಸಿಕೊಂಡರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ಆ ಚಿತ್ರದ ಹಕ್ಕು ಹಣ ಕೊಟ್ಟವರದು. ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ಈ ಮೂರು ಪದಗಳಲ್ಲಿ ನಿಮ್ಮ ಅನ್ನ ಇದೆ. ಹಾಗಾಗಿ ಕೆಲಸ ಒಪ್ಪುವ ಮೊದಲೇ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಎಷ್ಟು ಚಿತ್ರ, ಎಲ್ಲಿ ಬಳಸುತ್ತಾರೆ, ಎಷ್ಟು ಕಾಲ, ಹೆಸರು ಹಾಕುತ್ತಾರೋ ಇಲ್ಲವೋ, ನಿಮ್ಮ ಪೋರ್ಟ್‌ಫೋಲಿಯೋದಲ್ಲಿ ನೀವು ಇಟ್ಟುಕೊಳ್ಳಬಹುದೋ. ದರ ಹೇಳುವಾಗ ಕ್ಯಾಮರಾ ಹಿಡಿದ ದಿನವನ್ನಷ್ಟೇ ಎಣಿಸಬೇಡಿ. ಹೋಗಿಬರುವ ದಿನ, ಕಂಪ್ಯೂಟರಿನ ಮುಂದೆ ಕೂರುವ ದಿನಗಳು, ಸವೆಯುವ ಸಲಕರಣೆ, ಎಲ್ಲ ಎಣಿಸಿ.

ಇನ್ನು ತೆಗೆಸಿಕೊಂಡವರ ಹೆಸರು. 1936, ಅಮೆರಿಕದ ಕ್ಯಾಲಿಫೋರ್ನಿಯಾ. ಡೊರೊತಿಯಾ ಲ್ಯಾಂಗ್ ಎಂಬ ಛಾಯಾಗ್ರಾಹಕಿ ಬಟಾಣಿ ಬಿಡಿಸುವ ಕೂಲಿಗಳ ಬಿಡಾರದಲ್ಲಿ ಒಬ್ಬ ತಾಯಿಯ ಚಿತ್ರ ತೆಗೆದರು. ಆರೇಳು ಸಲ ಕ್ಲಿಕ್ಕಿಸಿದರು, ಉಳಿದದ್ದು ಒಂದು. ತಾಯಿ ಕೆನ್ನೆಗೆ ಕೈಹಚ್ಚಿ ದೂರ ನೋಡುತ್ತಿದ್ದಾಳೆ. ಎರಡು ಮಕ್ಕಳು ಅವಳ ಭುಜಕ್ಕೆ ಮುಖ ಹುದುಗಿಸಿವೆ. 'ವಲಸೆ ತಾಯಿ' ಎಂದು ಲೋಕವೆಲ್ಲ ಸುತ್ತಿದ ಚಿತ್ರ ಅದು. ಆದರೆ ಲ್ಯಾಂಗ್ ಆಕೆಯ ಹೆಸರು ಬರೆದುಕೊಳ್ಳಲಿಲ್ಲ. ಊಟಕ್ಕಾಗಿ ಕಾರಿನ ಟೈರು ಮಾರಿದ್ದರು ಎಂದು ಬರೆದರು. ಸುಮಾರು 40 ವರ್ಷದ ಮೇಲೆ, 1978ರಲ್ಲಿ ಹೆಸರು ಹೊರಬಂತು. ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್. ನಾವು ಟೈರು ಮಾರಿರಲೇ ಇಲ್ಲ ಎಂದಿತು ಕುಟುಂಬ. ಅಷ್ಟು ದೊಡ್ಡ ಚಿತ್ರದ ಕೆಳಗೆ ಅಷ್ಟು ವರ್ಷ ಒಂದು ಹೆಸರಿನ ಜಾಗ ಖಾಲಿ ಇತ್ತು.

ಇಷ್ಟು ಹೇಳಿ ನಾನು ಹುಡುಗಿಯನ್ನು ಕೇಳಿದೆ. "ನಿನ್ನ ಚಿತ್ರದ ಅಜ್ಜಿಯ ಹೆಸರೇನು?"

ಅವಳ ಬಾಯಿ ಕಟ್ಟಿತು. ಚಿತ್ರದ ಕೆಳಗೆ 'ಕೊಬ್ಬರಿಯಾದ ಕಾಯಿ ಆರಿಸುತ್ತಿರುವ ಅಜ್ಜಿ' ಎಂದಷ್ಟೇ ಬರೆದಿದ್ದಳು. ಪ್ರಿಂಟ್ ಕೈಯಲ್ಲಿ ಹಿಡಿದು ಮತ್ತೆ ಬಸ್ಸು ಹತ್ತಿದಳು.

ಕೇಳುಗರೆ, ಮುಗಿಸುವ ಮುನ್ನ ಒಟ್ಟು ಮಾಡಿ ಹೇಳುತ್ತೇನೆ. ಹೆಚ್ಚಾದದ್ದು, ಎರವಲಾದದ್ದು, ಅವಸರ, ಈ ಮೂರನ್ನು ಬಿಡಬೇಕು. ಹೆಸರನ್ನು ಬಿಡಬಾರದು. ಸಂದರ್ಶನ ಏನಾಯಿತು ಎಂದು ನೀವು ಕೇಳುತ್ತೀರಿ. ಸಹಾಯಕಿಯಾಗಿ ತೆಗೆದುಕೊಂಡರು. ಈಗ ದೀಪ ಹೊರುತ್ತಿದ್ದಾಳೆ. ಸಂಬಳ ಹೇಳಿಕೊಳ್ಳುವಂಥದ್ದಲ್ಲ, ಕೆಲಸ ಕೈಹತ್ತುತ್ತಿದೆ.

ಇನ್ನು ಆ ಅಜ್ಜಿ. ಅವರು ಫೋಟೋವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರಂತೆ. ಹೆಸರು ಹೇಳಿದರು. ಗಂಡನ ಹೆಸರು, ಊರಿನ ಹೆಸರು, ಕೇಳದಿದ್ದರೂ ಮನೆದೇವರ ಹೆಸರು ಹೇಳಿದರು. ಆಮೇಲೆ, ಕೆಳಗೆ ಏನೋ ಬರೆದಿದೀಯಲ್ಲ, ಓದು ಎಂದರು. ಹುಡುಗಿ ಓದಿದಳು. ಕೊಬ್ಬರಿಯಾದ ಕಾಯಿ ಆರಿಸುತ್ತಿರುವ ಅಜ್ಜಿ.

ಅಜ್ಜಿ ತಲೆಯಾಡಿಸಿದರು.

"ಇದು ಆಗಿರಲಿಲ್ಲ ಕಣವ್ವ. ಒಳಗೆ ಇನ್ನೂ ನೀರಿತ್ತು. ಈ ಕಾಯನ್ನ ನಾನು ವಾಪಸ್ ಅಟ್ಟಕ್ಕೇ ಹಾಕಿದೆ."